ಹುಣ್ಣಿಮೆ ಕಥೆಯ ಸುಸ್ತಿದಾರ

ಸತ್ಯನಾರಾಯಣನ ಕಥೆ ನಡೆಯುವಾಗ ಹೊಟ್ಟೆ ಸದ್ದು ಮಾಡಬಾರದು ಅಂತ ಪುಣ್ಯಕ್ಕೆ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ ಸೀಗೆ ಹುಣ್ಣಿಮೆಯ ಸಂಜೆ ನಮ್ಮ ಮನೆಮಂದಿಯೆಲ್ಲ ಸೀದಾ ನರಕಕ್ಕೆ ಹೋಗಬೇಕಿತ್ತು. ಆ ಹಸಿವಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

"ಈ ಸಲ ಭಟ್ಟರನ್ನ ಕರೆಯೋದು ಬೇಡಮ್ಮ. ಮನೆಮಟ್ಟಿಗೆ ಸರಳವಾಗಿ ಮಾಡಿಕೊಳ್ಳೋಣ" ಅಂದವರು ನಮ್ಮ ಮಾವ. ಒಂದು ಕಲಶ, ಒಂದು ಫೋಟೊ, ನಾಲ್ಕು ದಳ ತುಳಸಿ, ಐದು ಅಧ್ಯಾಯದ ಕಥೆ, ಪ್ರಸಾದ. ಒಂದು ಗಂಟೆ ಸಾಕು ಅಂದರು. ನಿಮ್ಮ ಮನೆಯಲ್ಲೂ ಹೀಗೇ ಹೇಳಿರುತ್ತಾರೆ, ಅಲ್ವಾ?

ಮೊದಲು ಹುಣ್ಣಿಮೆ ಯಾವತ್ತು ಅನ್ನೋದೇ ಇತ್ಯರ್ಥವಾಗಲಿಲ್ಲ. ಫೋನಿನಲ್ಲಿ ಸೋಮವಾರ, ಗೋಡೆಯ ಕ್ಯಾಲೆಂಡರಿನಲ್ಲಿ ಮಂಗಳವಾರ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವಷ್ಟು ಹೊತ್ತು ಒಂದು ತಿಥಿ. ಚಂದ್ರನ ನಡಿಗೆ ಒಂದೇ ಸಮ ಇರಲ್ಲ. ಹಾಗಾಗಿ ಒಂದು ತಿಥಿ ಸುಮಾರು 19 ಗಂಟೆಗೇ ಮುಗಿದರೆ ಇನ್ನೊಂದು 26 ಗಂಟೆ ತನಕ ಎಳೆಯುತ್ತದೆ. ಈ ಸಲದ್ದು ಸೋಮವಾರ ಮಧ್ಯಾಹ್ನ ಬಂದು ಮಂಗಳವಾರ ಬೆಳಗ್ಗೆ ಹೊರಟುಹೋಗುವ ಹುಣ್ಣಿಮೆ. ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅಂತ ನೋಡುವವರಿಗೆ ಮಂಗಳವಾರ. ಸಂಜೆ ಪೂಜೆ ಮಾಡುವವರಿಗೆ ಸೋಮವಾರ. ಇಷ್ಟೇ ವಿಷಯ. ಇಷ್ಟಕ್ಕೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಇಬ್ಬರು ಮಾತು ಬಿಟ್ಟರು.

ಕೊನೆಗೆ ಸೋಮವಾರ ಅಂತಾಯಿತು. ನಾನು ಅರ್ಧ ದಿನ ರಜೆ ಹಾಕಿದೆ. ಸಪಾದ ಭಕ್ಷ್ಯಕ್ಕೆ ರವೆ, ಸಕ್ಕರೆ, ಹಾಲು, ತುಪ್ಪ, ಬಾಳೆಹಣ್ಣು ಎಲ್ಲ ಒಂದೂಕಾಲು ಅಳತೆ. ಹೌದು, ತುಪ್ಪವೂ. ಬೇರೆ ದಿನ ದೋಸೆಗೆ ಚಮಚದ ತುದಿಯಲ್ಲಿ ತುಪ್ಪ ಸವರಿದರೂ ಕೊಲೆಸ್ಟ್ರಾಲ್ ಎಂದು ಬೆಚ್ಚಿಬೀಳುವ ನಮ್ಮೆಜಮಾನರು ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ರವೆ ಹುರಿದ ಘಮ ಇಡೀ ಮನೆ ತುಂಬಿತು. ಬೆಳಗ್ಗೆಯಿಂದ ಉಪವಾಸ ಇರುವವಳ ಮೂಗಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಪೂಜೆ ನಿಜವಾಗಲೂ ಬೇಗ ಮುಗಿಯಿತು. ಆಮೇಲೆ ಮಾವ ಕಥೆ ಪುಸ್ತಕ ತೆಗೆದರು.

ನಮ್ಮ ಮಾವ ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಕೊನೆಕೊನೆಗೆ ಪೂರ್ತಿ ಸಾಲ ವಸೂಲಿಯದ್ದೇ ಕೆಲಸ. ನೈಮಿಷಾರಣ್ಯದಲ್ಲಿ ಸೂತರು ಶೌನಕಾದಿ ಮುನಿಗಳಿಗೆ ಹೇಳಿದ ಕಥೆ ನಮ್ಮ ಮನೆಯಲ್ಲಿ ಬ್ಯಾಂಕಿನ ಕಡತವಾಗುವುದು ಹೀಗೆ. ಮೊದಲೆರಡು ಅಧ್ಯಾಯ ಸಲೀಸಾಗಿ ಸಾಗಿತು. ಕಾಶಿಯ ಬಡ ಬ್ರಾಹ್ಮಣ, ಸೌದೆ ಮಾರುವವನು, ಇಬ್ಬರೂ ಮಾತಿಗೆ ತಪ್ಪದವರು. "ಒಳ್ಳೆ ಪಾರ್ಟಿಗಳು" ಅಂತ ಮಾವ ಮುಂದೆ ಹೋದರು.

ಮೂರನೆಯ ಅಧ್ಯಾಯಕ್ಕೆ ಸಾಧು ಎಂಬ ವ್ಯಾಪಾರಿ ಬಂದ. ಮಾವ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. ನನ್ನ ಎದೆ ಧಸಕ್ಕೆಂದಿತು.

"ಗಮನಿಸಮ್ಮ. ಮಗು ಹುಟ್ಟಿದರೆ ವ್ರತ ಮಾಡ್ತೀನಿ ಅಂದ. ಅಂದರೆ ಡ್ಯೂ ಡೇಟ್ ಅವನೇ ಕೊಟ್ಟಿದ್ದು. ಕಲಾವತಿ ಹುಟ್ಟಿದಳು. ಹೆಂಡತಿ ನೆನಪಿಸಿದಳು. ಏನಂದ? ಮಗಳ ಮದುವೆಗೆ ಮಾಡ್ತೀನಿ ಅಂದ. ರೀಶೆಡ್ಯೂಲ್! ಅರ್ಜಿ ಇಲ್ಲ, ಏನಿಲ್ಲ, ತಾನೇ ಮಾಡಿಕೊಂಡ. ನಮ್ಮ ಕಾಲದಲ್ಲಿ 180 ದಿನ ಕಟ್ಟದಿದ್ದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. 2004ರಿಂದ 90 ದಿನಕ್ಕೇ. ಇವನು ಮಗಳು ಮದುವೆ ವಯಸ್ಸಿಗೆ ಬರೋ ತನಕ ಕಟ್ಟಿಲ್ಲ. ಮದುವೆಯಾದ ಮೇಲಾದರೂ ಕಟ್ಟಿದನಾ?"

"ಇಲ್ಲ ಮಾವ" ಅಂದೆವು ಎಲ್ಲರೂ. ಪ್ರತಿ ಸಲ ಹಾಗನ್ನದೆ ಅವರು ಮುಂದೆ ಹೋಗುವುದಿಲ್ಲ.

ವ್ಯಾಪಾರಿಯೂ ಅಳಿಯನೂ ರತ್ನಸಾರಪುರದಲ್ಲಿ ಮಾಡದ ಕಳ್ಳತನಕ್ಕೆ ಸೆರೆಮನೆ ಸೇರಿದರು. ಇತ್ತ ಊರಿನ ಮನೆಯೂ ದರೋಡೆಯಾಯಿತು. ಇಲ್ಲಿ ಮಾವನಿಗೆ ಯಾವುದೋ ಊರಿನ ಅಕ್ಕಿ ಗಿರಣಿಯ ಸಾಲಗಾರ ನೆನಪಾಗುತ್ತಾನೆ. ಅವನ ಮನೆ ಬಾಗಿಲಿಗೆ ಇವರು ಅಲೆದದ್ದು, ಒಳಗೇ ಇದ್ದುಕೊಂಡು ಇಲ್ಲ ಅನ್ನಿಸುತ್ತಿದ್ದದ್ದು, ಒಮ್ಮೆ ಹಿತ್ತಿಲಲ್ಲಿ ಸಿಕ್ಕಿಬಿದ್ದದ್ದು. ಸ್ಕಾಂದಪುರಾಣದ ರೇವಾಖಂಡದಲ್ಲಿ ಈ ಗಿರಣಿ ಇಲ್ಲ. ಆದರೆ ನಮ್ಮ ಮಕ್ಕಳು ಇದೆ ಅಂತಲೇ ನಂಬಿದ್ದಾರೆ. "ತಾತ, ಹಿತ್ತಿಲು ಬಂತಾ?" ಅಂತ ಚಿಕ್ಕವನು ಮೊದಲೇ ಕೇಳಿಬಿಟ್ಟ.

ಊರಲ್ಲಿ ಲೀಲಾವತಿ, ಕಲಾವತಿ ಸೇರಿ ವ್ರತ ಮುಗಿಸಿದರು. ರಾಜನಿಗೆ ಕನಸು ಬಿತ್ತು. ಬಿಡುಗಡೆ ಮಾಡಿ, ಕಿತ್ತುಕೊಂಡ ಹಣವನ್ನು ದುಪ್ಪಟ್ಟು ಮಾಡಿ ಕೊಟ್ಟ. ಮಾವನಿಗೆ ದೇವರ ಮೇಲೆ ಮುನಿಸು ಇರುವುದು ಇದೊಂದೇ ಜಾಗದಲ್ಲಿ. "ಕಂತು ಕಟ್ಟಿದವರು ಹೆಂಡತಿ, ಮಗಳು. ದುಪ್ಪಟ್ಟು ಯಾರಿಗೆ? ಸುಸ್ತಿದಾರನಿಗೆ!" ಅಂತ ತೊಡೆ ತಟ್ಟಿದರು. ಅವನು ಸುಸ್ತಿದಾರ, ನಾವು ಬರೀ ಸುಸ್ತು.

ದಂಡಿ ಸನ್ಯಾಸಿಯ ವೇಷದಲ್ಲಿ ಬಂದ ದೇವರು ದೋಣಿಯಲ್ಲಿ ಏನಿದೆ ಅಂತ ಕೇಳಿದ. "ಸ್ಟಾಕ್ ಇನ್‌ಸ್ಪೆಕ್ಷನ್" ಅಂದರು ಮಾವ ಮೆಲ್ಲಗೆ, ಹುಲಿ ಬಂತು ಅನ್ನುವ ಹಾಗೆ. ವ್ಯಾಪಾರಿ ಬರೀ ಬಳ್ಳಿ, ಎಲೆ ಅಂತ ಸುಳ್ಳು ಹೇಳಿದ. "ಖಾಲಿ ಗೋಡೌನು ತೋರಿಸಿ ತುಂಬಿದೆ ಅನ್ನೋರನ್ನ ಸರ್ವೀಸ್ ಪೂರ್ತಿ ನೋಡಿದೀನಿ. ತುಂಬಿದ್ದನ್ನ ಖಾಲಿ ಅಂದ ಪುಣ್ಯಾತ್ಮ ಇವನೊಬ್ಬನೇ!" ನಗಬೇಕು ಅನ್ನಿಸಿತು. ನಗುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು.

ಮುಂಚೆ ಇಷ್ಟು ಎಳೆಯುತ್ತಿರಲಿಲ್ಲ. ಅತ್ತೆ ಇದ್ದರು. ಅಕ್ಕಿ ಗಿರಣಿ ಹತ್ತಿರ ಬರುತ್ತಿದ್ದಂತೆ ಪೂಜೆಯ ಗಂಟೆ ಎತ್ತಿ ಒಂದು ಸಲ ಬಾರಿಸುತ್ತಿದ್ದರು. ಮಾತಿಲ್ಲ, ಕಥೆಯಿಲ್ಲ, ಬರೀ ಗಂಟೆ. ಮಾವ ತೆಪ್ಪಗೆ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು. ಈ ಸಲ ನಾನೂ ಗಂಟೆ ಮುಟ್ಟಿದೆ. ಮಾವ ಓದುವುದನ್ನು ನಿಲ್ಲಿಸಿ ಗಂಟೆಯನ್ನೇ ನೋಡಿದರು. ನಾನು ಅದನ್ನು ಒರೆಸಿದ ಹಾಗೆ ಮಾಡಿ ಕೆಳಗಿಟ್ಟೆ. ಅವರು ಗಿರಣಿಯ ಕಥೆ ಹೇಳುತ್ತಿದ್ದದ್ದೇ ಆ ಗಂಟೆ ಕೇಳಲಿಕ್ಕೇನೋ.

ನಮ್ಮ ತವರಿನ ಕಡೆ, ಮಲೆನಾಡಿನಲ್ಲಿ, ಇದೇ ದಿನ ಭೂಮಿ ಹುಣ್ಣಿಮೆ. ರಾತ್ರಿಯೆಲ್ಲ ಅಡಿಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುವುದು. ಭೂಮಿತಾಯಿಗೆ ಚರಗ ಚೆಲ್ಲಿ, ಪೈರಿಗೆ ಪೂಜೆ ಮಾಡಿ, ಅಲ್ಲೇ ಕೂತು ಊಟ. ಭೂಮಿತಾಯಿಗೂ ಹಸಿವು ಅಂದರೆ ಏನು ಅಂತ ಗೊತ್ತು.

ಐದನೆಯ ಅಧ್ಯಾಯದ ತುಂಗಧ್ವಜ ರಾಜ ಗೊಲ್ಲರು ಕೊಟ್ಟ ಪ್ರಸಾದ ಬಿಟ್ಟು ಸರ್ವಸ್ವ ಕಳೆದುಕೊಂಡ. ಆ ಹೊತ್ತಿಗೆ ನಮ್ಮ ಚಿಕ್ಕವನು ಪ್ರಸಾದದ ಪಾತ್ರೆ ತಬ್ಬಿಕೊಂಡೇ ನಿದ್ದೆ ಹೋಗಿದ್ದ. ಮಂಗಳಾರತಿಯಾಯಿತು. ಅಕ್ಕಪಕ್ಕದವರಿಗೆ ಪ್ರಸಾದ ಕೊಡಲು ಹೋದರೆ ಎಲ್ಲರಿಗೂ ಸಕ್ಕರೆ ಕಾಯಿಲೆ. ಒಬ್ಬರು ಕಣ್ಣಿಗೊತ್ತಿಕೊಂಡು ಡಬ್ಬಿಯನ್ನು ವಾಪಸ್ ನನ್ನ ಕೈಗೇ ಇಟ್ಟರು. ತುಂಗಧ್ವಜನ ಕಥೆ ಹೇಳೋಣ ಅನ್ನಿಸಿತು, ತ್ರಾಣ ಇರಲಿಲ್ಲ. ಮಾವನಿಗೂ ಸಕ್ಕರೆ ಕಾಯಿಲೆ ಇದೆ. "ಒಂದು ಚಿಟಿಕೆ ಸಾಕಮ್ಮ" ಅಂತ ಶುರು ಮಾಡಿದವರು, ಪ್ರಸಾದ ಬೇಡ ಅನ್ನಬಾರದು ಎಂದು ತುಂಗಧ್ವಜನ ಹೆಸರು ಹೇಳಿಕೊಂಡೇ ಬಟ್ಟಲು ಖಾಲಿ ಮಾಡಿದರು.

ಅಷ್ಟರಲ್ಲಿ ನಮ್ಮೆಜಮಾನರು ತುಪ್ಪದ ಕೈ ನೆಕ್ಕುತ್ತಾ, "ಅಪ್ಪ, ಇನ್ನು ಪ್ರಮೋಷನ್ ಆಗಲಿ. ಆಗ ಭಟ್ಟರನ್ನ ಕರೆಸಿ ಜೋರಾಗಿ ಮಾಡಿಸ್ತೀನಿ" ಅಂದುಬಿಟ್ಟರು.

ಮಾವ ನಿಧಾನವಾಗಿ ಕನ್ನಡಕ ತೆಗೆದರು. "ಪೆನ್ನು ತಗೊಂಬಾರಮ್ಮ" ಅಂದರು ನನಗೆ. "ಬಾಯಿಮಾತು ಬೇಡ. ಬರೆದು ಸಹಿ ಹಾಕಲಿ. ಸಾಕ್ಷಿ ನೀನು."