ಮಲಪ್ರಭೆಗೆ 11 ಕಿಲೋ ಉಪ್ಪು

ಧಾರವಾಡದಲ್ಲಿ ನಳಕ್ಕೆ ನೀರು ಬರುವ ದಿನಕ್ಕೆ ಹಬ್ಬದ ಮರ್ಯಾದೆ. ಡ್ರಮ್ಮು, ಕೊಡ, ಬಕೆಟ್ಟು, ಕಡೆಗೆ ಕುಕ್ಕರು ಕೂಡ ತುಂಬಿಕೊಂಡು ಸಾಲಾಗಿ ನಿಲ್ಲುತ್ತವೆ. ಇಂಥ ಊರಲ್ಲಿ 300 ಲೀಟರ್ ಸಿಹಿನೀರಿಗೆ ಬೇಕಂತಲೇ ಉಪ್ಪು ಸುರಿಯುವವನನ್ನು ಮನೆಮಂದಿ ಹೇಗೆ ಸಹಿಸಬೇಕು? "ಕುಡಿಯಾಕ ನೀರಿಲ್ಲ ಅಂತ ಮಂದಿ ಬಡಕೊಳ್ಳಾಕ ಹತ್ಯಾರ, ಇಂವ ಇದ್ದ ನೀರಿಗೆ ಉಪ್ಪು ಹಾಕ್ತಾನ" ಎಂದು ಅವ್ವ ಓಣಿಯವರ ಮುಂದೆ ಹೇಳುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ.

ಸಮುದ್ರದ ಮೀನು ಸಾಕುವವನ ಹೊತ್ತೆಲ್ಲ ನೀರಿನ ಚಾಕರಿಯಲ್ಲೇ ಹೋಗುತ್ತದೆ. ಮೀನಿನದೇನು, ಎರಡು ಚಿಟಿಕೆ ಆಹಾರ ಹಾಕಿದರೆ ಮುಗಿಯಿತು. ಮೂರಡಿಯ ತೊಟ್ಟಿ ತೆಗೆದು ನಾಲ್ಕಡಿಯದನ್ನು ತಂದದ್ದೂ ನೀರಿನ ಸಲುವಾಗಿಯೇ. ಕಡಿಮೆ ನೀರು ಬಲು ಚಂಚಲ. ಏಪ್ರಿಲ್ ಬಿಸಿಲಿಗೆ ಬೇಗ ಕಾಯುತ್ತದೆ, ಕಲ್ಲಿನ ಹಿಂದೆ ಒಂದು ಮೀನು ಸತ್ತರೆ ಪೂರಾ ಕೆಡುತ್ತದೆ. ದೊಡ್ಡ ತೊಟ್ಟಿ ಇಂಥದ್ದನ್ನೆಲ್ಲ ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಆದರೆ ನೀರು, ಗಾಜು, ಕಲ್ಲು ಕೂಡಿ ಅದರ ತೂಕ 400 ಕಿಲೋ ದಾಟುವುದರಿಂದ ಮಹಡಿಯ ಕೋಣೆ ಬಿಟ್ಟು ಪಡಸಾಲೆಗೆ ಇಳಿಸಬೇಕಾಯಿತು. ಅಲ್ಲಿಗೆ ಟಿವಿಯ ಗದ್ದುಗೆ ಹೋಯಿತು. ಆ ಜಗಳದ ವಿವರ ಇಲ್ಲಿ ಬೇಡ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಂದರೆ ನನ್ನ ತೊಟ್ಟಿಗೆ ಹತ್ತಿರ ಹತ್ತಿರ 11 ಕಿಲೋ. ಅಡುಗೆಮನೆಯ ಉಪ್ಪು ನಡೆಯುವುದಿಲ್ಲ. ಸಮುದ್ರಕ್ಕೆ ಸೋಡಿಯಂ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಬೇಕು, ಆ ಮಿಶ್ರಣ ಪ್ಯಾಕೆಟ್ಟಿನಲ್ಲಿ ಬರುತ್ತದೆ. "ಅಂಕೋಲಾಕ್ಕ ಹೋಗಿ ನಾಕು ಕ್ಯಾನ್ ತುಂಬಕೊಂಡ ಬಂದ್ರ ಆತಲ್ಲೋ" ಎನ್ನುವುದು ಕಾಕಾನ ಸಲಹೆ. ದಂಡೆಯ ನೀರಿನಲ್ಲಿ ದೋಣಿಯ ಎಣ್ಣೆಯಿರಬಹುದು, ಕ್ಯಾನಿನಲ್ಲಿ ಸತ್ತು ಕೊಳೆಯುವ ಸಣ್ಣ ಜೀವಿಗಳಿರುತ್ತವೆ. ಮಳೆಗಾಲದಲ್ಲಂತೂ ಅದು ಸರಿಯಾಗಿ ಉಪ್ಪೂ ಇರುವುದಿಲ್ಲ. ನಮ್ಮ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಗೆ ಸೇರುತ್ತಾಳೆ, ಬೇಡ್ತಿ ಗಂಗಾವಳಿಯಾಗಿ ಅಂಕೋಲಾ ಸೀಮೆಯಲ್ಲೇ ಸಮುದ್ರಕ್ಕೆ ಬೀಳುತ್ತಾಳೆ. ಧಾರವಾಡದ ಮಳೆನೀರನ್ನೇ ಪೆಟ್ರೋಲ್ ಸುಟ್ಟು ವಾಪಸ್ ತಂದಂತಾದೀತು. ಹೀಗಾಗಿ ಸವದತ್ತಿ ಅಣೆಕಟ್ಟಿನಿಂದ ಬರುವ ಮಲಪ್ರಭೆಯ ನೀರನ್ನೇ ಆರ್‌ಒ ಯಂತ್ರದಲ್ಲಿ ಸೋಸಿ ಉಪ್ಪು ಕಲಸುತ್ತೇನೆ. ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೊರಟಿದ್ದ ನೀರು ನಮ್ಮ ಪಡಸಾಲೆಯಲ್ಲೇ ಸಮುದ್ರವಾಗುತ್ತದೆ. ಯಂತ್ರ ಹೊರಚೆಲ್ಲುವ ನೀರು ಸೋಸಿದ್ದಕ್ಕಿಂತ ಹೆಚ್ಚು. ಅದಕ್ಕೆ ಮುಸುರೆ ಪಾತ್ರೆಗಳು ಕಾಯುತ್ತಿರುತ್ತವೆ.

ಹೊಸ ತೊಟ್ಟಿಗೆ ನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಆಗುವ ಅಮೋನಿಯಾ ಮೀನಿಗೇ ವಿಷ. ಅದು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಬೇಕು. ಈ ಕೆಲಸ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಟ್ಟಲೆ ಬೇಕು. ಹಳೆಯ ತೊಟ್ಟಿಯ ಕಲ್ಲುಗಳನ್ನು ಒಣಗಗೊಡದೆ ಹೊಸದಕ್ಕೆ ಇಳಿಸಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಹತ್ತುತ್ತದೆ. ಆ ಕಲ್ಲುಗಳನ್ನು ನಳದ ಕೆಳಗೆ ಹಿಡಿದು ಉಜ್ಜುವ ಹುಕಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬಂದಿತ್ತು. ಕ್ಲೋರಿನ್ ನೀರು ಬಿದ್ದರೆ ಹೆಪ್ಪು ಹೋದಂತೆಯೇ ಲೆಕ್ಕ. ಅವ್ವನ ತಾಮ್ರದ ಕೊಡವನ್ನೂ ತೊಟ್ಟಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ತಾಮ್ರದ ನೀರು ನಮಗೆ ಆರೋಗ್ಯವೆಂದು ಆಕೆ ನಂಬಿದ್ದಾಳೆ. ಸಿಗಡಿಗೆ, ಶಂಖದ ಹುಳುವಿಗೆ ಮಾತ್ರ ತಾಮ್ರ ವಿಷ.

ಹವಳ ಎಲ್ಲಿ ಎಂದು ಬಂದವರು ಕೇಳುತ್ತಾರೆ. ನಮ್ಮ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಅವು ಹಾಯಾಗಿರಲಿ. ಪಿಂಗಾಣಿಯ ಕಲ್ಲು ಸಾಕು. ಮೀನುಗಳೆಂದರೆ ಸದ್ಯ ಒಂದು ಜೋಡಿ ಕ್ಲೌನ್ ಫಿಶ್, ಹ್ಯಾಚರಿಯಲ್ಲಿ ಹುಟ್ಟಿದವು. ಇವು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಯಜಮಾನಿಕೆ ನಡೆಸುತ್ತದೆ. ಇದನ್ನು ಕೇಳಿದ ದಿನದಿಂದ ನನ್ನ ಹೆಂಡತಿಗೆ ತೊಟ್ಟಿಯ ಮೇಲೆ ತುಸು ಅಭಿಮಾನ ಮೂಡಿದೆ.

ಬೇಸಿಗೆಯಲ್ಲಿ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಮೇಲಿಂದ ಹಾಕಬೇಕಾದದ್ದು ಸಿಹಿನೀರನ್ನೇ, ಅದೂ ಸೋಸಿದ್ದು. ಸಮುದ್ರಕ್ಕೆ ಸಿಹಿನೀರಿನ ಬಾಯಾರಿಕೆ ಎಂದರೆ ಓಣಿಯಲ್ಲಿ ಯಾರೂ ನಂಬುವುದಿಲ್ಲ. ತಂಪಿಗೆ ಫ್ಯಾನ್ ಹಚ್ಚಿದರೆ ಇನ್ನೂ ಬೇಗ ಆರುತ್ತದೆ. ಕರೆಂಟ್ ಹೋದರೆ ಫ್ರಿಜ್ಜಿಗಿಂತ ಮೊದಲು ಇನ್ವರ್ಟರ್ ಓಡುವುದು ತೊಟ್ಟಿಯ ಪಂಪಿನ ಕಡೆಗೆ.

ಆಗಾಗ ತೆಗೆದುಹಾಕುವ ಹಳೆಯ ಉಪ್ಪುನೀರನ್ನು ದಾಸವಾಳಕ್ಕೆ ಹಾಕುವಂತಿಲ್ಲ. ಅದನ್ನು ಗಟಾರಕ್ಕೆ ಚೆಲ್ಲಲು ಅವ್ವ ಬಿಡುವುದೂ ಇಲ್ಲ. "ತಾ ಇಲ್ಲೆ, ನೆಲ ಒರಸಾಕ ಛಲೋ ಆಗತೈತಿ, ದೃಷ್ಟಿನೂ ಹೋಗತೈತಿ" ಎಂದು ಬಕೆಟ್ ಎಳೆದುಕೊಳ್ಳುತ್ತಾಳೆ. ಒರೆಸಿ ಅರ್ಧ ತಾಸಿಗೆ ಶಹಾಬಾದ್ ಫರಸಿಯ ಮೇಲೆ ಉಪ್ಪು ಬೆಳ್ಳಗೆ ಎದ್ದು ನಿಲ್ಲುತ್ತದೆ. ಆಮೇಲೆ ಡ್ರಮ್ಮಿನಿಂದ ಒಂದು ಬಕೆಟ್ ಸಿಹಿನೀರು ತೆಗೆದು ಮತ್ತೆ ಒರೆಸುವುದು ನನ್ನ ಪಾಲಿಗೆ.