ಆನೆ ನೋಡಲು ಮನೆ ಹೊತ್ತು ಹೋದವರು

ಅಮೆರಿಕದ ಮಿಸೌರಿ ರಾಜ್ಯದ ಆಗ್ನೇಯ ಭಾಗದಲ್ಲಿ, ಸೇಂಟ್ ಲೂಯಿಸ್ ನಗರದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಲ್ಲಿ, ಎಲಿಫೆಂಟ್ ರಾಕ್ಸ್ ಎಂಬ ರಾಜ್ಯ ಉದ್ಯಾನವಿದೆ. ಸರ್ಕಸ್ಸಿನ ಆನೆಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಂತೆ ಕಾಣುವ ನಸುಗೆಂಪು ಗ್ರಾನೈಟಿನ ಹೆಬ್ಬಂಡೆಗಳು ಅಲ್ಲಿನ ವಿಶೇಷ. ಅವುಗಳಲ್ಲಿ ಹಿರಿಯಾನೆಗೆ ಡಂಬೋ ಎಂದು ಹೆಸರು. ಎತ್ತರ 27 ಅಡಿ, ಉದ್ದ 35 ಅಡಿ, ಅಗಲ 17 ಅಡಿ, ತೂಕ 680 ಟನ್. ಅದನ್ನು ನೋಡಲು ನಾವು ಎರಡು ಕುಟುಂಬದವರು ಬಾಡಿಗೆಗೆ ಹಿಡಿದಿದ್ದ ಆರ್‌ವಿ, ಅಂದರೆ ಚಕ್ರದ ಮೇಲಿನ ಮನೆ, 36 ಅಡಿ ಉದ್ದವಿತ್ತು. ಆನೆಗಿಂತ ಅಂಬಾರಿಯೇ ಒಂದಡಿ ಉದ್ದವಾಗಿರುವ ಈ ಮೆರವಣಿಗೆಯಲ್ಲಿ ಏನೋ ಎಡವಟ್ಟಿದೆಯೆಂಬುದು ಹೊರಡುವ ಮುನ್ನ ಒಬ್ಬರಿಗೂ ಹೊಳೆಯಲಿಲ್ಲ.

ಆರ್‌ವಿ ಎಂಬುದರ ತತ್ತ್ವ ಸರಳವಾಗಿದೆ. ಮನೆಯ ಜಂಜಾಟವನ್ನು ಮರೆತು ಪ್ರಕೃತಿಯ ಮಡಿಲಲ್ಲಿ ನಾಲ್ಕು ದಿನ ಇದ್ದು ಬರಬೇಕೆಂದು ಬಯಸುವವನು ಫ್ರಿಜ್, ಮೈಕ್ರೋವೇವ್, ಎರಡು ಟಿವಿ, ಏಸಿ, ಸೋಫಾ, ಬಿಸಿನೀರಿನ ಸ್ನಾನದ ಮನೆ ಮತ್ತು ಕಕ್ಕಸನ್ನು ಜೊತೆಯಲ್ಲೇ ಒಯ್ಯುತ್ತಾನೆ. ಗುಂಡಿ ಒತ್ತಿದರೆ ಪಕ್ಕದ ಗೋಡೆ ಹೊರಚಾಚಿ ಪಡಸಾಲೆ ಅಗಲವಾಗುತ್ತದೆ. ಕರೆಂಟು ಸಿಗದ ಕಡೆ ಜನರೇಟರ್ ಗುಡುಗುತ್ತಾ ಕಾಡಿನ ಮೌನವನ್ನು ಕಾಪಾಡುತ್ತದೆ. ಇಷ್ಟನ್ನೂ ನಡೆಸಲು ವಿಶೇಷ ಅರ್ಹತೆ ಬೇಕಿಲ್ಲ. ಕಚೇರಿಗೂ ಭಾರತೀಯ ದಿನಸಿ ಅಂಗಡಿಗೂ ಸಣ್ಣ ಕಾರು ಓಡಿಸುತ್ತಿದ್ದವನ ಕೈಗೆ, ಅದೇ ಸಾಧಾರಣ ಲೈಸೆನ್ಸಿನ ಮೇಲೆ, ಬಸ್ಸಿನಷ್ಟು ದೊಡ್ಡ ಮನೆಯನ್ನು ಒಪ್ಪಿಸಿ, ಇಪ್ಪತ್ತು ನಿಮಿಷದ ವಿಡಿಯೋ ತೋರಿಸಿ, ಶುಭಪ್ರಯಾಣ ಹೇಳಿ ಕಳುಹಿಸುತ್ತಾರೆ.

ನಮ್ಮ ಮಾವುತ ಹೊಸಪೇಟೆಯಲ್ಲಿ ಹುಟ್ಟಿ ಬೆಳೆದ ಮಿತ್ರ. ಬಾಲ್ಯದಲ್ಲಿ ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು, ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿಯೊಡನೆ ಹಂಪಿಗೆ ಹೋಗಿ, ಇದೇ ಬಗೆಯ ಬಂಡೆಗಳ ಮೇಲೆ ದಿನವಿಡೀ ಓಡಾಡಿ, ಸಂಜೆಗೆ ಮನೆ ಸೇರುತ್ತಿದ್ದವನು. ಅಂದು ಬಂಡೆ ನೋಡಲು ತಾನು ಮಾಡುತ್ತಿದ್ದ ಖರ್ಚು ಬಸ್ಸಿನ ಚಾರ್ಜು ಮಾತ್ರ ಎಂಬುದನ್ನು ಅವನೇ ಹೆಮ್ಮೆಯಿಂದ ಹೇಳಿದ. ಹೇಳುವಾಗ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದ. ನಮ್ಮ ವಾಹನ ಒಂದು ಗ್ಯಾಲನ್ನಿಗೆ ಎಂಟು ಮೈಲಿ ಓಡುತ್ತಿತ್ತು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯನ್ನು ಕಟ್ಟಿದವರು ಇಂಥದ್ದೊಂದು ಟ್ಯಾಂಕನ್ನು ಕನಸಿನಲ್ಲಾದರೂ ಕಂಡಿರಬೇಕು. ದಿನಕ್ಕಿಷ್ಟು ಬಾಡಿಗೆ, ಮೈಲಿಗಿಷ್ಟು, ಜನರೇಟರ್ ಓಡಿದ ಗಂಟೆಗಿಷ್ಟು, ಅದರ ಮೇಲೆ ವಿಮೆ. ಮಿಸೌರಿಯ ರಾಜ್ಯ ಉದ್ಯಾನಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಪುಕ್ಕಟೆ ಸಿಗುವುದನ್ನು ಪುಕ್ಕಟೆಯಾಗಿಯೇ ನೋಡಿ ಬಂದರೆ ಅದಕ್ಕೆ ರಜೆಯೆಂದು ಯಾರು ಕರೆಯುತ್ತಾರೆ?

ಉದ್ಯಾನ ತಲುಪಿದ ಮೇಲೆ ತಿಳಿದ ಮೊದಲ ಸಂಗತಿಯೆಂದರೆ, ಅಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಅದು ಹಗಲು ನೋಡಿ ಹೋಗಬೇಕಾದ ತಾಣ. ಮಲಗಲು ಆರು ಹಾಸಿಗೆ ಹೊತ್ತು ಬಂದವರಿಗೆ ಇದು ಮುಂಚೆಯೇ ಗೊತ್ತಿರಬೇಕಿತ್ತು. ಆದರೆ ನಾವು ಅಭ್ಯಾಸ ಮಾಡಿದ್ದು ವಾಹನದ ಕೈಪಿಡಿಯನ್ನು, ಉದ್ಯಾನದ ಮಾಹಿತಿಯನ್ನಲ್ಲ. ಎರಡನೆಯ ಸಂಗತಿ ನಿಲುಗಡೆ. ವಾರಾಂತ್ಯದ ಜನಜಂಗುಳಿಯ ನಡುವೆ ನಮ್ಮ ಮನೆಯನ್ನು ಹಿಮ್ಮುಖವಾಗಿ ನಿಲ್ಲಿಸುವ ಕಾರ್ಯ ಮುಕ್ಕಾಲು ಗಂಟೆ ನಡೆಯಿತು. ಇಬ್ಬರು ಹಿಂದೆ ನಿಂತು, ಒಬ್ಬರು ಮುಂದೆ ನಿಂತು, ಕಿಟಕಿಯಿಂದ ತಲೆ ಹಾಕಿದ ಮಿತ್ರನ ಪತ್ನಿ "ರೀ, ಎಡಕ್ಕೆ, ನಿಮ್ಮ ಎಡ ಅಲ್ಲ, ನನ್ನ ಎಡ" ಎಂದು ಕೂಗುತ್ತಿರಲು, ಬಂಡೆ ನೋಡಲು ಬಂದಿದ್ದ ಹತ್ತಾರು ಸಂಸಾರಗಳು ಬಂಡೆಗೆ ಬೆನ್ನು ಮಾಡಿ ನಮ್ಮನ್ನೇ ನೋಡತೊಡಗಿದವು. ಕೆಲವರು ವಿಡಿಯೋ ಕೂಡ ತೆಗೆದರು. ಡಂಬೋಗೆ ಅಂದು ತುಸು ವಿಶ್ರಾಂತಿ ದೊರೆತಿರಬೇಕು.

ಹಾಗೆ ನೋಡಿದರೆ ಡಂಬೋಗೆ ಅವಸರವೂ ಇಲ್ಲ. ಸುಮಾರು 150 ಕೋಟಿ ವರ್ಷಗಳ ಹಿಂದೆ ನೆಲದಡಿಯ ಶಿಲಾರಸ ನಿಧಾನವಾಗಿ ತಣಿದು ಈ ಗ್ರಾನೈಟ್ ಆಯಿತು; ಅದರಲ್ಲಿ ಬಿದ್ದ ಬಿರುಕುಗಳೊಳಗೆ ನೀರಿಳಿದು, ಅಂಚುಮೂಲೆಗಳನ್ನು ಸವೆಸಿ ದುಂಡಗೆ ಮಾಡಿತು; ಮೇಲಿನ ಪದರಗಳು ಕೊಚ್ಚಿಹೋದ ಬಳಿಕ ಗುಂಡುಗಳು ಹೊರಬಂದವು. ಈ ಕಥೆಯನ್ನು ನಮ್ಮ ತಂಡ ನಲವತ್ತು ನಿಮಿಷಗಳಲ್ಲಿ ಮುಗಿಸಿತು, ಏಕೆಂದರೆ ಫ್ರಿಜ್ಜಿನಲ್ಲಿದ್ದ ಹಾಲಿನ ಚಿಂತೆಯಿತ್ತು. ಎರಡು ಬಂಡೆಗಳ ನಡುವೆ ನುಸುಳಬೇಕಾದ 'ದಢೂತಿ ಮನುಷ್ಯನ ಇಕ್ಕಟ್ಟು' ಎಂಬರ್ಥದ ಹೆಸರಿನ ಸಂದಿಯೊಂದು ಅಲ್ಲಿದೆ. ಮನೆಯನ್ನು ಹೊರಗೆ ಬಿಟ್ಟು ಬಂದುದಕ್ಕೆ ನಾವು ಮೊದಲ ಬಾರಿಗೆ ಸಂತೋಷಪಟ್ಟದ್ದು ಅಲ್ಲಿಯೇ.

ಈ ಬಂಡೆಗಳಿಂದ ಊರಿಗೆ ಉಪಕಾರವೂ ಆಗಿದೆ. ಪಕ್ಕದಲ್ಲೇ 1869ರಲ್ಲಿ ಕಲ್ಲುಗಣಿ ತೆರೆಯಿತು; ಈ ಸೀಮೆಯ ಕೆಂಪು ಗ್ರಾನೈಟು ಸೇಂಟ್ ಲೂಯಿಸ್ಸಿನ ಬೀದಿಗಳಿಗೆ ಹಾಸಾಯಿತು, ಮಿಸಿಸಿಪಿ ನದಿಯ ಮೇಲೆ 1874ರಲ್ಲಿ ತೆರೆದ ಈಡ್ಸ್ ಸೇತುವೆಯ ಕಂಬಗಳಿಗೆ ಹೊದಿಕೆಯಾಯಿತು. ಅಂದಿನ ಗಣಿ ಕೆಲಸಗಾರರು ಕೆತ್ತಿದ ಹೆಸರುಗಳು ಬಂಡೆಗಳ ಮೇಲೆ ಈಗಲೂ ಇವೆ. ನುರಿತ ಕಲ್ಲುಕುಟಿಗನೆಂಬ ಮನ್ನಣೆ ಪಡೆದವನು ಹಾಗೆ ಹೆಸರು ಕೆತ್ತುವುದು ವಾಡಿಕೆಯಾಗಿತ್ತೆಂದು ಹೇಳುತ್ತಾರೆ. ವರ್ಷಗಟ್ಟಲೆ ಉಳಿ ಹಿಡಿದ ಮೇಲೆ ಒಂದು ಹೆಸರು. ನಮ್ಮ ಕಡೆಯ ಹುಡುಗನೊಬ್ಬ ಕಾರಿನ ಕೀಲಿಯಿಂದ ಅದೇ ಕೆಲಸಕ್ಕೆ ಕೈ ಹಾಕಿ, ತಾಯಿಯಿಂದ ತಲೆಯ ಮೇಲೊಂದು ಮೊಟಕಿಸಿಕೊಂಡ; ಅಪ್ರೆಂಟಿಸ್ ಅವಧಿ ಅಷ್ಟಕ್ಕೇ ಮುಗಿಯಿತು.

ಆ ಉದ್ಯಾನದಲ್ಲಿ ಒಂದು ಮೈಲಿ ಉದ್ದದ ಬ್ರೈಲ್ ದಾರಿಯಿದೆ. ಕಣ್ಣು ಕಾಣದವರು ನಡೆದು, ಫಲಕಗಳ ಚುಕ್ಕೆಗಳನ್ನು ಬೆರಳಿನಿಂದ ಓದಿಕೊಳ್ಳಲೆಂದು ಮಾಡಿದ ದಾರಿ ಅದು. ಕುರುಡರು ಆನೆಯನ್ನು ಮುಟ್ಟಿ ನೋಡಿ, ಒಬ್ಬನು ಕಂಬವೆಂದೂ ಇನ್ನೊಬ್ಬನು ಮೊರವೆಂದೂ ವಾದಿಸಿದ ಅಂಧಗಜ ನ್ಯಾಯವನ್ನು ನಾವು ಶತಮಾನಗಳಿಂದ ಕಣ್ಣಿದ್ದವರ ಜಂಬದಲ್ಲಿ ಹೇಳಿಕೊಂಡು ಬಂದಿದ್ದೇವೆ. ಅಲ್ಲಿ ನಾನು ಕಂಡದ್ದು ಬೇರೆ. ಬಿಳಿ ಕೋಲು ಹಿಡಿದ ವೃದ್ಧರೊಬ್ಬರು ಫಲಕವೊಂದರ ಮೇಲೆ ಬೆರಳಾಡಿಸಿ, ನಂತರ ಪಕ್ಕದ ಬಂಡೆಗೆ ಅಂಗೈಯೂರಿ ಬಹಳ ಹೊತ್ತು ನಿಂತಿದ್ದರು. ಅದೇ ಹೊತ್ತಿಗೆ ಕಣ್ಣಿದ್ದ ನಾವು ಒಂಬತ್ತು ಮಂದಿ ಆನೆಗೆ ಬೆನ್ನು ತಿರುಗಿಸಿ, ಫೋನಿನಲ್ಲಿ ನಮ್ಮ ಮುಖಗಳನ್ನು ಸರಿಪಡಿಸಿಕೊಳ್ಳುತ್ತಾ, ಆನೆಯ ಯಾವ ಭಾಗ ಚೌಕಟ್ಟಿನೊಳಗೆ ಬಂತೆಂದು ಜಗಳವಾಡುತ್ತಿದ್ದೆವು. ಒಬ್ಬರ ಚಿತ್ರದಲ್ಲಿ ಸೊಂಡಿಲಿನಂತಹುದಿತ್ತು, ಮತ್ತೊಬ್ಬರದರಲ್ಲಿ ಹಿಂಭಾಗ.

ರಾತ್ರಿ ಹತ್ತಿರದ ಖಾಸಗಿ ಶಿಬಿರತಾಣವೊಂದರಲ್ಲಿ ತಂಗಿದೆವು. ಅಂಗಳದಷ್ಟು ಅಂತರದಲ್ಲಿ ಸಾಲುಮನೆಗಳಂತೆ ನಿಂತ ಅರವತ್ತು ಆರ್‌ವಿಗಳು, ಬಾಗಿಲ ಮುಂದೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ, ತಲೆಯ ಮೇಲೆ ಡಿಶ್ ಆಂಟೆನಾ. ನಗರದ ಬಡಾವಣೆಯನ್ನು ಬಿಟ್ಟು ಓಡಿ ಬಂದವರೆಲ್ಲ ಸೇರಿ ಕಾಡಿನಲ್ಲಿ ಇನ್ನೂ ಇಕ್ಕಟ್ಟಾದ ಬಡಾವಣೆಯನ್ನು ಕಟ್ಟಿಕೊಂಡಿದ್ದರು. ಹೊರಗೆ ಸೊಳ್ಳೆಯೆಂದು ಎಲ್ಲರೂ ಒಳಸೇರಿ ಟಿವಿ ಹಾಕಿದೆವು. ಆಫ್ರಿಕದ ಆನೆಗಳ ಕಾರ್ಯಕ್ರಮ ಬರುತ್ತಿತ್ತು, ಚೆನ್ನಾಗಿತ್ತು. ಬೆಳಿಗ್ಗೆ, ವಾಹನದ ಹೊಟ್ಟೆಯಡಿಯ ತೊಟ್ಟಿಗಳನ್ನು ಖಾಲಿ ಮಾಡುವ ಸರದಿ. ಮೊದಲು ಕಕ್ಕಸಿನ ಕಪ್ಪು ತೊಟ್ಟಿ, ಆಮೇಲೆ ಬಚ್ಚಲಿನ ಬೂದು ತೊಟ್ಟಿ. ಕ್ರಮ ತಪ್ಪಿದರೆ ಕೊಳವೆ ತೊಳೆಯಲು ಬೂದುನೀರು ಉಳಿಯುವುದಿಲ್ಲ. ಊರಿನಲ್ಲಿ ಮನೆಯ ಬಚ್ಚಲು ಕಟ್ಟಿದರೆ ಫೋನ್ ಮಾಡಿ ಆಳು ಕರೆಸುವ ಇಬ್ಬರು ಹಿರಿಯ ಸಾಫ್ಟ್‌ವೇರ್ ಎಂಜಿನಿಯರುಗಳು, ರಬ್ಬರ್ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು, ಪ್ರಕೃತಿಯ ಮಡಿಲಲ್ಲಿ ಅರ್ಧ ಗಂಟೆ ಕಳೆದರು. ಇಡೀ ಪ್ರವಾಸದಲ್ಲಿ ನಾವು ಪ್ರಕೃತಿಗೆ ಅತ್ಯಂತ ಸಮೀಪ ಹೋದದ್ದು ಅದೇ ಎನ್ನಬೇಕು.

ಸಂಜೆ ವಾಹನವನ್ನು ಹಿಂದಿರುಗಿಸಿದೆವು. ಯಾವುದೋ ತಿರುವಿನಲ್ಲಿ ಓಕ್ ಮರದ ಕೊಂಬೆಯೊಂದು ಅದರ ಪಕ್ಕೆಗೆ ಉದ್ದನೆಯ ಗೀರು ಎಳೆದಿತ್ತು. ಬಾಡಿಗೆ ಸಂಸ್ಥೆಯ ಯುವಕ ಮಾತನಾಡಲಿಲ್ಲ. ಹತ್ತಿರ ಬಂದು ನಿಂತು, ಗೀರಿನ ಈ ತುದಿಯಿಂದ ಆ ತುದಿಯವರೆಗೆ ನಾಲ್ಕು ಬೆರಳುಗಳನ್ನು ನಿಧಾನವಾಗಿ ಸವರಿ, ಒಂದೆರಡು ಕಡೆ ತಡೆದು ಮತ್ತೊಮ್ಮೆ ಮುಟ್ಟಿ ನೋಡಿ, ಅಲ್ಲಿ ಬರೆದಿದ್ದ ಮೊತ್ತವನ್ನು ನಮಗೆ ಸ್ಪಷ್ಟವಾಗಿ ಓದಿ ಹೇಳಿದ.