ಮಳೆ ರಜೆಯಲ್ಲಿ ಓದಿದ 113 ಕಂತುಗಳು

ಈ ಸಲದ ಕಕ್ಕಡ (ಆಟಿ) ತಿಂಗಳ ಮಳೆಗೆ ನಮ್ಮ ಶಾಲೆಗೆ ಸಾಲಾಗಿ ನಾಲ್ಕು ದಿನ ರಜೆ. ಅದರಲ್ಲಿ ಎರಡು ದಿನ ಕರೆಂಟೂ ಇರಲಿಲ್ಲ. ಐದನೇ ದಿನ ಒಂಬತ್ತನೇ ತರಗತಿಗೆ ಹೋಗಿ, ಹಾಜರಿ ಮುಗಿಸಿ, ರಜೆಯಲ್ಲಿ ಏನು ಮಾಡಿದ್ರಿ ಎಂದು ಕೇಳಿದೆ. ನಿದ್ದೆ ಮಿಸ್, ಮೊಬೈಲ್ ಮಿಸ್, ಏಡಿ ಹಿಡಿದೆವು ಮಿಸ್. ಕಿಟಕಿ ಪಕ್ಕದ ಬೆಂಚಿನ ಹುಡುಗಿ ಮಾತ್ರ ಸುಮ್ಮನಿದ್ದಳು. ಅವಳ ಗೆಳತಿ ಚಾಡಿ ಹೇಳುವ ದನಿಯಲ್ಲಿ, "ಇವ್ಳು ರಾತ್ರಿಯೆಲ್ಲ ಮೊಬೈಲಲ್ಲಿ ಕಥೆ ಓದ್ತಾಳೆ ಮಿಸ್" ಎಂದಳು.

ಹುಡುಗಿಯ ಮುಖ ಬಿಳಚಿಕೊಂಡಿತು. ಕಥೆ ಓದಿದ್ದಕ್ಕೆ ಬೈಗುಳ ಬೀಳುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಕನ್ನಡ ಟೀಚರ ಎದುರೇ ಹೆದರಿ ಕೂತಿದ್ದಾಳೆ. ಆ ಮುಖ ನನಗೆ ಇನ್ನೂ ಮರೆಯಾಗಿಲ್ಲ.

ವಿಷಯ ಇಷ್ಟು. ಅವಳು ಪ್ರತಿಲಿಪಿ ಎನ್ನುವ ಕಥೆಗಳ ಆ್ಯಪ್‌ನಲ್ಲಿ ಒಂದು ಧಾರಾವಾಹಿ ಓದುತ್ತಿದ್ದಳು. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅಪ್ಪನ ಫೋನ್ ಹಿಡಿದು, ಛತ್ರಿ ಹಿಡಿದು, ರಸ್ತೆ ತಿರುವಿನವರೆಗೆ ನಡೆದು, ಕಂತುಗಳನ್ನು ಇಳಿಸಿಕೊಂಡು ಬರುತ್ತಿದ್ದಳು. ಚಾರ್ಜ್ ಮುಗಿಯುವ ಮೊದಲು ಓದಿ ಮುಗಿಸುತ್ತಿದ್ದಳು. ನಾಲ್ಕು ದಿನದಲ್ಲಿ 113 ಕಂತು. ಅವಳ ಮನೆ ಮಾತು ಮಲಯಾಳ. ಪಠ್ಯಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದು ಎಂದರೆ ಒತ್ತಕ್ಷರಕ್ಕೆಲ್ಲ ತಡವರಿಸುವ ಹುಡುಗಿ ಇವಳು.

ನನ್ನ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವರ ಮಾತು, ಜೇನುಕುರುಬರ ಮಾತು ಎಲ್ಲ ಇವೆ. ಕೊಡಗಿನ ಯಾವ ಶಾಲೆಗೆ ಹೋದರೂ ಹೆಚ್ಚು ಕಡಿಮೆ ಹೀಗೆಯೇ. ಎಷ್ಟೋ ಮಕ್ಕಳಿಗೆ ಬರಹದ ಕನ್ನಡ ಕಾಣುವುದು ಶಾಲೆಯಲ್ಲಿ ಮಾತ್ರ. ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಅವರು ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಕನ್ನಡ ಲಿಪಿಯನ್ನು ಕಣ್ಣು ಸರಾಗವಾಗಿ ಹಿಡಿಯಬೇಕಾದರೆ ದಿನಾ ಅಷ್ಟಿಷ್ಟು ಅದರ ಮೇಲೆ ಓಡಾಡಬೇಕು. ಅಸರ್ ಎನ್ನುವ ಶಿಕ್ಷಣ ಸಮೀಕ್ಷೆ 2023ರಲ್ಲಿ ದೇಶದ ಹಳ್ಳಿಗಾಡಿನ 14ರಿಂದ 18 ವರ್ಷದ ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ತಮ್ಮ ಪ್ರಾಂತ್ಯದ ಭಾಷೆಯ ಎರಡನೇ ತರಗತಿಯ ಪಾಠ ಸರಾಗವಾಗಿ ಓದಲು ಬರಲಿಲ್ಲ. ಅದೇ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಈ ಎರಡು ಲೆಕ್ಕಗಳ ನಡುವೆ ನನ್ನ ಹುಡುಗಿ ಕೂತಿದ್ದಾಳೆ. ಅವಳ 113 ಕಂತುಗಳನ್ನು ನಾನು ಹೇಗೆ ತಾನೇ ಬೈಯಲಿ?

ಪುಸ್ತಕವಾದರೆ ಸರಿ, ಮೊಬೈಲಲ್ಲಿ ಓದುವುದು ಓದೇ ಅಲ್ಲ ಎನ್ನುವವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. ಕಾಗದ ಮತ್ತು ಪರದೆಯ ಓದನ್ನು ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಸಂಶೋಧನೆ 2018ರಲ್ಲಿ ಬಂತು. ಮಾಹಿತಿ ತುಂಬಿದ ಬರಹವನ್ನು ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು, ಅದು ನಿಜ. ಬರೀ ಕಥೆ ಓದಿದವರಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ವಿಜ್ಞಾನದ ಪಾಠ ಪುಸ್ತಕದಲ್ಲೇ ಓದಲಿ, ಕಥೆಯನ್ನು ಎಲ್ಲಿ ಬೇಕಾದರೂ ಓದಲಿ ಎನ್ನುತ್ತೇನೆ. ನಮ್ಮ ಮಳೆಗೆ ಪುಸ್ತಕದ ಗತಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಜುಲೈ ಮುಗಿಯುವುದರೊಳಗೆ ರಟ್ಟಿಗೆ ಬೂಷ್ಟು ಹಿಡಿದಿರುತ್ತದೆ. ನಮ್ಮ ಅವ್ವ ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿಯ ಜೊತೆ ಪುಸ್ತಕಗಳನ್ನೂ ಒಣಗಿಸುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಓದಿದ ಕಥೆಗಳಿಗೆಲ್ಲ ಹೊಗೆಯ ವಾಸನೆ.

ಅವ್ವ ಓದಿದ್ದು ಏಳನೇ ತರಗತಿ. ಸುಧಾ, ತರಂಗ ನಮ್ಮ ಮನೆಗೆ ಬರುತ್ತಿರಲಿಲ್ಲ. ಪೇಟೆ ಹತ್ತಿರದ ಮನೆಯವರು ತರಿಸುತ್ತಿದ್ದರು, ಅವರು ಓದಿದ ಮೇಲೆ ಇನ್ನೊಂದು ಮನೆಗೆ, ಅಲ್ಲಿಂದ ನಮಗೆ. ಹಳೆಯ ಸಂಚಿಕೆಗಳಿಂದ ಧಾರಾವಾಹಿಯ ಹಾಳೆಗಳನ್ನು ಕಿತ್ತು, ದಬ್ಬಣದಲ್ಲಿ ತೂತು ಮಾಡಿ, ಗೋಣಿ ದಾರದಲ್ಲಿ ಹೊಲಿದು ಇಡುತ್ತಿದ್ದರು. ಕಾಫಿ ಕುಯ್ಯುವಾಗ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಕಥೆ ದಾಟುತ್ತಿತ್ತು. ಕಳೆದ ವಾರ ಅವನು ಕಾಗದ ಹರಿದು ಹಾಕಿದನಲ್ಲ, ಮುಂದೇನಾಯ್ತು? ಆ ಹೆಣ್ಣು ತವರಿಗೆ ಹೋದದ್ದು ಸರಿಯಾ? ಓದಲು ಬಾರದವರೂ ಆ ಜಗಳದಲ್ಲಿ ಇದ್ದರು. ಆ ಕಥೆಗಳೆಲ್ಲ ಈಗಿನ ಕಂತುಗಳಿಗಿಂತ ಬಹಳ ಮೇಲು ಎಂದು ನಾನು ಹೇಳಲಾರೆ, ಕೆಲವು ತೀರಾ ಸಾಧಾರಣವಾಗಿದ್ದವು. ಆದರೆ ಅವ್ವ ಯಾವತ್ತೂ ಒಬ್ಬಳೇ ಓದಲಿಲ್ಲ.

ನನ್ನ ಹುಡುಗಿ ಒಬ್ಬಳೇ ಓದುತ್ತಿದ್ದಾಳೆ, ಅದೂ ಕದ್ದು, ಕಂಬಳಿಯೊಳಗೆ. ನನ್ನನ್ನು ಕಾಡುತ್ತಿರುವುದು ಇದು.

ಆ ದಿನ ಪಾಠ ಬದಿಗಿಟ್ಟು, ಕಥೆ ಹೇಳು ಎಂದೆ. ಮೊದಲು ಒಲ್ಲೆ ಎಂದಳು. ಆಮೇಲೆ ಶುರು ಮಾಡಿದವಳು ಬೆಲ್ ಹೊಡೆಯುವವರೆಗೂ ನಿಲ್ಲಿಸಲಿಲ್ಲ. ದೊಡ್ಡ ಕಂಪನಿಯ ಸಿಟ್ಟಿನ ಯಜಮಾನ, ಅವನಲ್ಲಿ ಕೆಲಸಕ್ಕೆ ಸೇರಿದ ಬಡ ಹುಡುಗಿ. ಎಂಬತ್ತನೇ ಕಂತಿನ ಹತ್ತಿರ ಅವನು ಅವಳ ಕೆನ್ನೆಗೆ ಹೊಡೆಯುತ್ತಾನೆ. ತೊಂಬತ್ತರ ಹೊತ್ತಿಗೆ ಅವಳು ಅವನನ್ನು ಕ್ಷಮಿಸಿರುತ್ತಾಳೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನ ಹುಡುಗ, "ಹೊಡ್ದವನನ್ನ ಯಾಕೆ ಮದುವೆ ಆಗ್ಬೇಕು?" ಎಂದ. "ಅವ್ನಿಗೆ ಅವಳ ಮೇಲೆ ಪ್ರೀತಿ ಇತ್ತಲ್ಲ" ಎಂದು ಇನ್ನೊಬ್ಬಳು. ಕಥೆ ಹೇಳುತ್ತಿದ್ದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಆ ಕಂತು ಇಷ್ಟ ಆಗ್ಲಿಲ್ಲ, ಆದ್ರೆ ಯಾರ ಹತ್ರ ಹೇಳೋದು ಮಿಸ್" ಎಂದಳು.

ಇಂಥ ಕಥೆ ಓದಬೇಡ ಎಂದು ಫೋನ್ ಕಿತ್ತುಕೊಂಡರೆ ಆ ಪ್ರಶ್ನೆ ಅವಳೊಳಗೇ ಉಳಿದುಬಿಡುತ್ತಿತ್ತು.

ಮರುದಿನ ನಾನು ಕಥೆಗಾರ್ತಿ ಕೊಡಗಿನ ಗೌರಮ್ಮನವರ ಒಂದು ಕಥೆ ಓದಿ ಹೇಳಿದೆ. ಹುಟ್ಟಿದ್ದು 1912ರಲ್ಲಿ, ತೀರಿಕೊಂಡದ್ದು 1939ರಲ್ಲಿ. ಬದುಕಿದ್ದು ಸುಂಟಿಕೊಪ್ಪದ ಹತ್ತಿರದ ತೋಟದಲ್ಲಿ. ಕಥೆಗಳು ಪತ್ರಿಕೆಗಳಲ್ಲಿ ಬಂದವು, ಸಂಕಲನ ಬಂದದ್ದು ಅವರು ಹೋದ ಮೇಲೆ. ಸುಂಟಿಕೊಪ್ಪ ಎಂದ ಕೂಡಲೇ ಆ ಕಡೆಯಿಂದ ಬಸ್ಸಿನಲ್ಲಿ ಬರುವ ಮೂವರು ನೆಟ್ಟಗೆ ಕೂತರು. ಯಾವ ತೋಟ ಮಿಸ್? ಮನೆ ಈಗ್ಲೂ ಉಂಟಾ? ಹೆಂಗಸರಿಗಾಗುವ ಅನ್ಯಾಯವನ್ನು ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಅಷ್ಟು ಹಿಂದೆಯೇ, ಇದೇ ಮಳೆಯ ನಾಡಲ್ಲಿ ಕೂತು ಬರೆದಿದ್ದಳು ಎನ್ನುವುದು ಅವರಿಗೆ ಹೊಸ ವಿಷಯ. ಆ ಕೆನ್ನೆಗೆ ಹೊಡೆದವನ ಕಥೆ ಇಲ್ಲದಿದ್ದರೆ ಗೌರಮ್ಮನವರು ನನ್ನ ಮಕ್ಕಳಿಗೆ ಪರೀಕ್ಷೆಯ ಎರಡು ಅಂಕದ ಕವಿ ಪರಿಚಯದಂತೆ ಕೇಳಿಸುತ್ತಿದ್ದರೋ ಏನೋ.

ಎಲ್ಲ ಮಕ್ಕಳೂ ಹೀಗೆ ಓದುತ್ತಾರೆ ಎನ್ನುವುದಿಲ್ಲ. ಬಹಳಷ್ಟು ಮಂದಿ ರೀಲ್ಸ್ ತಳ್ಳುತ್ತಲೇ ಸಂಜೆ ಕಳೆಯುತ್ತಾರೆ. ಅವರನ್ನು ಓದಿಗೆ ತರುವ ಜಾಗ ಬೇರೆಲ್ಲೂ ಹುಡುಕಬೇಕಿಲ್ಲ. 2020ರ ಮಕ್ಕಳ ದಿನಾಚರಣೆಯಂದು 6ರಿಂದ 18 ವರ್ಷದವರಿಗಾಗಿ 'ಓದುವ ಬೆಳಕು' ಎನ್ನುವ ಸರ್ಕಾರದ ಓದಿನ ಕಾರ್ಯಕ್ರಮ ಶುರುವಾಯಿತು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾದವು. ಗ್ರಂಥಾಲಯ ಕರ ಎಂದು ನಾವು ತೆರಿಗೆಯ ಜೊತೆ ಕೊಡುತ್ತಲೂ ಇದ್ದೇವೆ. ನಾನು ಬಲ್ಲ ಒಂದು ಊರಿನಲ್ಲಿ ಕಟ್ಟಡವಿದೆ, ಕಪಾಟಿದೆ, ಪುಸ್ತಕಗಳಿವೆ. ಆದರೆ ಶಾಲೆ ಬಿಟ್ಟು ಮಕ್ಕಳು ಬಸ್ಸಿಳಿಯುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಸಂಜೆ ಒಂದು ಗಂಟೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ತೆರೆದಿಡಿ ಎಂದು ನಾವು ಪೋಷಕರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ರಸ್ತೆಯ ಹೊಂಡಕ್ಕೆ, ಆನೆ ಕಾಟಕ್ಕೆ ಎದ್ದು ನಿಲ್ಲುವ ನಾವು ಇದಕ್ಕೂ ನಿಲ್ಲಬಹುದು.

ಪೋಷಕರಲ್ಲಿ ನನ್ನದೊಂದು ಬೇಡಿಕೆಯೂ ಇದೆ. ಮಗ ಕಥೆ ಓದುತ್ತಿದ್ದರೆ, "ಇದ್ರಿಂದ ಮಾರ್ಕ್ಸ್ ಬರುತ್ತಾ?" ಎಂದು ಕೇಳಬೇಡಿ. "ಮುಂದೇನಾಯ್ತು?" ಎಂದು ಕೇಳಿ.

ನಮ್ಮ ತರಗತಿಯಲ್ಲಿ ಈಗ ಶನಿವಾರ ಕೊನೆಯ ಪೀರಿಯಡ್ ಕಥೆಗೆ ಮೀಸಲು. ಫೋನಿನಲ್ಲಿ ಓದಿದ್ದು, ಪುಸ್ತಕದಲ್ಲಿ ಓದಿದ್ದು, ಅಜ್ಜಿ ಹೇಳಿದ್ದು, ಯಾವುದಾದರೂ ನಡೆಯುತ್ತದೆ. ಹೋದ ಶನಿವಾರ ನಾನು ಅವ್ವನ ಹೊಲಿದಿಟ್ಟ ಧಾರಾವಾಹಿಯೊಂದನ್ನು ತೆಗೆದುಕೊಂಡು ಹೋಗಿದ್ದೆ. ಕೈಯಿಂದ ಕೈಗೆ ಹೋಗಿ, ಹೊಗೆ ವಾಸನೆ ನೋಡಿ, ಕೊನೆಗೆ ಕಿಟಕಿ ಪಕ್ಕದ ಬೆಂಚಿಗೆ ಬಂತು. ಅವಳು ಅದನ್ನು ಮನೆಗೆ ಒಯ್ದಳು. ಸೋಮವಾರ ಬಂದವಳೇ, "ಕೊನೇ ಮೂರು ವಾರದ್ದು ಇಲ್ಲ ಮಿಸ್!" ಎಂದು ಬಹಳ ಬೇಜಾರು ಮಾಡಿಕೊಂಡಳು. ನಿಜ, ಗೆದ್ದಲು ತಿಂದಿತ್ತು.

ಸೋಮವಾರಪೇಟೆ, ಸುಂಟಿಕೊಪ್ಪ, ಕುಶಾಲನಗರದ ಸುತ್ತಮುತ್ತ ಯಾರ ಮನೆಯ ಅಟ್ಟದಲ್ಲಾದರೂ ಹೀಗೆ ಹೊಲಿದಿಟ್ಟ ಹಳೆಯ ಧಾರಾವಾಹಿಗಳಿದ್ದರೆ ಇಲ್ಲಿ ಕಾಮೆಂಟ್ ಹಾಕಿ. ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ, ಒಣಗಿಸಿಕೊಳ್ಳುತ್ತೇವೆ. ಭಾನುವಾರ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.